ಎಡಗಡೆ ಗಾಲಿಯ ನಟ್ಟು

ರಾಮದುರ್ಗ
12 ಅಕ್ಟೋಬರ್ 1997

ಅಬ್ಬಾ,

ನಿಮ್ಮ ನಿಲೋಫರ್ ಮಾಡೂ ಸಲಾಮ್. ಅಮ್ಮೀಗೂ ಹೇಳ್ರಿ. ಪತ್ರದ ಮ್ಯಾಲೆ ನನ್ನ ಅಕ್ಷರ ನೋಡಿ ನಿಮ್ಮ ಎದಿ ಧಸಕ್ ಅಂದಿರಬೇಕು. ಹೆದರಬ್ಯಾಡ್ರಿ, ಕೆಟ್ಟ ಸುದ್ದಿ ಏನೂ ಇಲ್ಲ. ಒಂದು ಮಾತು ಕೇಳೂದೈತಿ, ಅದನ್ನ ನಿಮ್ಮನ್ನ ಬಿಟ್ಟು ಬ್ಯಾರೆ ಯಾರನ್ನೂ ಕೇಳಾಕ ನನಗ ಮನಸ್ಸಿಲ್ಲ.

ನಿಮ್ಮ ಅಳಿಯಾ ಒಂದು ಲಾರಿ ತಗೊಂಡಾರ. ಹೊಸಾದಲ್ಲ. ಇಲ್ಲಿ ಜಿನ್ನಿಂಗ್ ಫ್ಯಾಕ್ಟರಿ ಹಿಂದ, ಜಾಲಿ ಕಂಟ್ಯಾಗ, ಒಂದು ಹಳೇ ಬೆಡ್‌ಫೋರ್ಡ್ ನಿಂತಿತ್ತು. ಬಾನೆಟ್ಟಿನಾಗ ಗುಬ್ಬಿ ಗೂಡು ಕಟ್ಟಿದ್ದವು. ಅದನ್ನ ಎತ್ತು ಹಚ್ಚಿ ಎಳಸಿಕೊಂಡು ಬಂದು ನಮ್ಮ ಹಿತ್ತಲದಾಗ ನಿಲ್ಲಿಸ್ಯಾರ. "ಇಷ್ಟು ವರ್ಷ ಮಂದಿ ಟ್ರ್ಯಾಕ್ಟರ್ ಹೊಡದೆ, ಮಂದಿ ಮ್ಯಾಟಡೋರ್ ಹೊಡದೆ. ಇನ್ನ ನಂದು ನಾ ಹೊಡೀತೇನಿ" ಅಂತಾರ. ಕೆಲಸದಿಂದ ಬಂದ ಕೂಡ್ಲೆ ಚಾ ಸುದ್ದ ಕುಡೀದ ಅದರ ಬುಡಕ ಹೋಗಿ ಮಲಕೋತಾರ.

ಆದರ ಒಂದು ನಟ್ಟೂ ಬಿಚ್ಚವಲ್ದು. ಎಲ್ಲಾ ಜಂಗ ಹಿಡದು, ತುಕ್ಕಿನಾಗ ಬೋಲ್ಟು ಯಾವುದು ನಟ್ಟು ಯಾವುದು ತಿಳಿಯದಂಗ ಆಗೇತಿ. ಇವರು ನಟ್ಟು ತಿರಗಿಸೂ ಪಾನಾಕ್ಕ ಪೈಪ್ ಹಚ್ಚಿ ಜಗ್ಗತಾರ. ಆಗಲಿಲ್ಲ ಅಂದರ ಹತೋಡಿಲೆ ಬಡೀತಾರ. ನಿನ್ನೆ ಗಾಲಿ ಮ್ಯಾಲಿನ ಕಮಾನು ಪಾಟಾದ ಒಂದು ಬೋಲ್ಟು ಕಟ್ಟಂತ ಮುರೀತು. ಇನ್ನೊಂದರ ನಟ್ಟಿನ ಮೂಲಿ ಎಲ್ಲಾ ಸವದು ದುಂಡಗಾತು, ಅದಕ್ಕ ಪಾನಾ ಕೂಡವಲ್ದು. ಪಾನಾ ಒಗದು ಎದ್ದು ಹೋದರು. ಊಟಾ ಮಾಡಲಿಲ್ಲ.

ನಿಮ್ಮನ್ನ ಕೇಳಬಾರದು ಅಂತ ಅವರ ಹಟ. ಸಂಪಗಾಂವದಾಗ ಏಜಾಜ ಭಾಯಿಯ ಲಗ್ನದಾಗ ನೀವು ಅಂದ ಮಾತು ಅವರು ಮರತಿಲ್ಲ. "ಇವನ ಕೈಯಾಗ ಕಬ್ಬಿಣ ಕೊಟ್ಟರ ಕಬ್ಬಿಣಾ ಮುರೀತಾನ, ನಾವು ಹುಡುಗಿ ಕೊಟ್ಟು ಕುಂತೇವಿ" ಅಂದ್ರಿ. ಉಣ್ಣೂ ಮಂದಿ ಎಲ್ಲಾ ನಕ್ಕರು. ಅವರು ಅರ್ಧಾ ತಾಟಿನ್ಯಾಗ ಎದ್ದವರು ಮುಂದ ಬೈಲಹೊಂಗಲದ ಹೊಸ್ತಿಲಾ ತುಳೀಲಿಲ್ಲ. ನೀವೂ ಈ ಕಡೆ ಬರಲಿಲ್ಲ. ಅದರ ಮಾತು ಈಗ ಬ್ಯಾಡ. ಜಂಗ ಹಿಡದ ನಟ್ಟಿಗೆ ನೀವು ಏನೋ ಹಾಕಿ ದಿನಗಟ್ಟಲೆ ಬಿಡ್ತಿದ್ದಿರಿ, ಅಷ್ಟು ನೆನಪೈತಿ. ಏನು, ಹ್ಯಾಂಗ, ಅದು ನೆನಪಿಲ್ಲ. ಬರೀರಿ.

ನಾ ಪತ್ರ ಹಾಕಿದ್ದು ಅವರಿಗೆ ಗೊತ್ತಿಲ್ಲ. ಜವಾಬು ಚನ್ನವ್ವನ ಚಾದಂಗಡಿ ವಿಳಾಸಕ್ಕ ಹಾಕ್ರಿ. ನಮ್ಮ ಮನಿ ಬಾಜೂಕ ಇರ್ತಾಳ, ನನ್ನ ಕೈಯಾಗ ಕೊಡ್ತಾಳ.

ನಿಮ್ಮ ಮಗಳು,
ನಿಲೋಫರ್

*

ಬೈಲಹೊಂಗಲ
20 ಅಕ್ಟೋಬರ್ 1997

ಬೇಟಿ ನಿಲೋಫರ್,

ಪತ್ರ ಮುಟ್ಟಿತು. ನಿಮ್ಮ ಅಮ್ಮೀ ಅದನ್ನ ಮತ್ತ ಮತ್ತ ಓದಿಸಿಕೊಂಡಳು.

ಬೆಡ್‌ಫೋರ್ಡ್ ಗಟ್ಟಿ ಗಾಡಿ. ಚಸ್ಸಿ ಕೊಳೀದ ಇದ್ದರ ಬದುಕತೈತಿ. ಮೊದಲ ಆ ಹತೋಡಿ ಅವನ ಕೈಯಾಗಿಂದ ತಗದಿಡು. ತಂತಿ ಬ್ರಷ್‌ಲೆ ನಟ್ಟಿನ ಸುತ್ತ ತಿಕ್ಕಬೇಕು, ಬೋಲ್ಟಿನ ಥ್ರೆಡ್ ಕಣ್ಣಿಗೆ ಕಾಣೂಮಟಾ. ಆಮ್ಯಾಲೆ ಚಿಮಣಿ ಎಣ್ಣಿ ಮತ್ತ ಸುಟ್ಟ ಇಂಜಿನ್ ಆಯಿಲ್ ಸಮಾ ಸಮಾ ಕೂಡಿಸಿ, ಹಳೇ ಅರಿವಿ ತೋಯಿಸಿ ನಟ್ಟಿಗೆ ಸುತ್ತಿ ಬಿಡಬೇಕು. ಮುಂಜಾನೆ ಸಂಜಿಗೆ ಮತ್ತ ಹನಿಸಬೇಕು. ಒಂದು ವಾರ ಪಾನಾ ಮುಟ್ಟಸಬಾರದು. ನಡುನಡುವ ಸಣ್ಣ ಹತೋಡಿಲೆ ನಟ್ಟಿನ ಮೈಗೆ ಸುತ್ತಲೂ ಮೆಲ್ಲಕ ಕುಟ್ಟಬೇಕು, ಬಾಗಲಾ ಬಡದಂಗ. ಆಗ ಎಣ್ಣಿ ಒಳಗ ಇಳೀತೈತಿ.

ವಾರ ಆದ ಮ್ಯಾಲೆ ಪಾನಾ ಹಚ್ಚಿ ಮೊದಲ ಬಿಗಿ ಮಾಡೂ ಕಡೆ ತುಸು ಒತ್ತಬೇಕು. ಕೂದಲೆಳಿ ಅಷ್ಟ. ಟಿಕ್ ಅಂತ ಸಪ್ಪಳಾತು ಅಂದರ ಜಂಗ ಬಿಟ್ಟಂಗ. ಆಗ ಬಿಚ್ಚೂ ಕಡೆ ತಿರಗಿಸೂದು. ಅದೂ ಒಮ್ಮೆಲೆ ಅಲ್ಲ. ತುಸು ಬಿಚ್ಚೂದು, ತುಸು ಹಿಂದಕ್ಕ ತರೂದು, ಎಣ್ಣಿ ಹಾಕೂದು, ಮತ್ತ ಬಿಚ್ಚೂದು. ಬಿರುಸಾತು ಅಂದರ ಬಿಟ್ಟು ಎದ್ದು ಬರಬೇಕು. ಕಬ್ಬಿಣದ ಕೂಡ ಸಿಟ್ಟಿಗೆದ್ದರ ಅದು ಮುರೀತೈತಿ, ಇಲ್ಲಾ ನಮ್ಮನ್ನ ಮುರೀತೈತಿ.

ಮೂಲಿ ಸವದ ನಟ್ಟಿಗೆ ಛಣಿ ಇಟ್ಟು ಸೀಳಿ ಒಗದುಬಿಡು. ನಟ್ಟು ಹೋದರ ಹೋಗಲಿ. ಮತ್ತ, ಆ ಗಾಡಿಗೆ ಇಂಚಿನ ಪಾನಾ ಬೇಕು. ಅಂವಾ ಎಂ.ಎಂ. ಪಾನಾ ಹಚ್ಚ್ಯಾನ, ಅದಕ್ಕ ಮೂಲಿ ಸವದಾವ. ನಿನಗ ಇದು ನೆನಪಿರಬೇಕಿತ್ತು.

ನಾ ಹೇಳೇನಿ ಅನಬ್ಯಾಡ. ಬಸ್ ಸ್ಟ್ಯಾಂಡಿನಾಗ ಲಗಮಣ್ಣ ಅಂತ ಒಬ್ಬ ಮಿಸ್ತ್ರಿ ಹೇಳಿದಾ ಅನ್ನು.

ಸಂಪಗಾಂವದ ಮಾತು ಬರದಿ. ಅದಕ್ಕ ನಾ ಏನೂ ಬರಿಯೂದಿಲ್ಲ.

ಮಲ್ಲಿಕಸಾಬ

*

ರಾಮದುರ್ಗ
16 ನವೆಂಬರ್ 1997

ಅಬ್ಬಾ,

ಬಿಚ್ಚಿತು!

ಒಂದು ವಾರ ಅವರನ್ನ ಕಾಯಿಸೂದು ನಟ್ಟು ಬಿಚ್ಚೂದಕ್ಕಿಂತಾ ಕಠಿಣ ಆತು. ಹಗಲೆಲ್ಲಾ ಅರಿವಿ ಎತ್ತಿ ನೋಡೂದು, ಮತ್ತ ಮುಚ್ಚೂದು. "ಯಾರಂವಾ ಈ ಲಗಮಣ್ಣ? ಇಷ್ಟು ದಿವಸ ಎಲ್ಲಿದ್ದಾ?" ಅಂತ ಕೇಳಿದರು. ನಾ ರೊಟ್ಟಿ ಬಡ್ಯಾಕ ಹತ್ತಿದ್ದೆ. ಚನ್ನವ್ವಗ ಗೊತ್ತಿದ್ದವರಂತ ಅಂದೆ.

ಆ ದಿವಸ ಹೊತ್ತು ಮುಣಗಾಕ ಬಂದಿತ್ತು. ಗಾಡಿ ಬುಡಕಿಂದ "ದೀಪಾ ಹಿಡಿ ಬಾ" ಅಂತ ಒದರಿದರು. ಹೋಗಿ ಕಂದೀಲ ಹಿಡದು ಕುಂತೆ. ಎರವಲ ತಂದ ಇಂಚಿನ ಪಾನಾ ಹಚ್ಚಿ, ಹೇಳಿದಂಗ ಮೊದಲ ತುಸು ಬಿಗಿ ಮಾಡಿದರು. ಟಿಕ್ ಅಂತು ಅಬ್ಬಾ! ಆಮ್ಯಾಲೆ ನಟ್ಟು ಕಿರ್ರ್ ಅಂತ ತಿರಗಿತು. ಅವರು ಕೈ ಹೊರಗ ಚಾಚಿ "ಆ ಸಣ್ಣ ಪಾನಾ..." ಅನ್ನೂದರಾಗ ನಾ ಬೇಕಾದದ್ದನ್ನ ಕೈಯಾಗ ಇಟ್ಟಿದ್ದೆ. ಹೊರಗ ಮಾರಿ ಹಾಕಿ ನನ್ನ ನೋಡಿದರು.

"ಇದ ಬೇಕಂತ ನಿನಗ ಹ್ಯಾಂಗ ಗೊತ್ತಾತು?"

"ನಾ ಮಲ್ಲಿಕಸಾಬ ಮಿಸ್ತ್ರಿ ಮಗಳು" ಅಂದೆ. ಬಾಯಿ ತಪ್ಪಿ ಬಂತು. ಅವರ ಎದುರಿಗೆ ನಿಮ್ಮ ಹೆಸರು ತಗೊಂಡು ಎಷ್ಟು ದಿವಸಾಗಿತ್ತೊ. ಅವರು "ಹೌದಲಾ" ಅಂದು ಮತ್ತೊಂದು ಪಾನಾಕ್ಕ ಕೈ ಚಾಚಿದರು.

ಅವತ್ತಿಂದ ದಿನಾ ನಾನೂ ಕುಂದರ್ತೇನಿ. ಹಿತ್ತಲ ಗ್ವಾಡಿ ಒಂದು ಕಡೆ ಬಿದ್ದೈತಿ, ಅಲ್ಲಿ ಮುಳ್ಳಿನ ಬೇಲಿ ಹಚ್ಚೇವಿ. ಹೋಗೂ ಬರೂ ಮಂದಿ ನೋಡತಾರ. ನೋಡಲಿ ಬಿಡು ಅಂತಾರ ಇವರು.

ಈಗ ಹೊಸಾ ತ್ರಾಸು. ಇಂಜಿನ್ನಿಗೆ ಸೈಲೆನ್ಸರ್ ಕೂಡೂ ಜಾಗಾದಾಗ ಒಂದು ಸ್ಟಡ್ ಬೋಲ್ಟು ಮುರದು ಒಳಗ ಉಳದೈತಿ. ಹೊರಗ ಹಿಡ್ಯಾಕ ಏನೂ ಇಲ್ಲ. ಲಗಮಣ್ಣನ್ನ ಕೇಳು ಅಂದಾರ!

ಅಮ್ಮೀಗೆ ಸಲಾಮ್ ಹೇಳಿ,
ನಿಮ್ಮ ನಿಲೋಫರ್

*

ಬೈಲಹೊಂಗಲ
1 ಡಿಸೆಂಬರ್ 1997

ಬೇಟಿ,

ಇಂಜಿನ್ನಿನ ಸ್ಟಡ್ ಅಂದರ ಹುಷಾರಿಲೆ ಮಾಡೂ ಕೆಲಸ. ಡ್ರಿಲ್ ಹಚ್ಚಾಕ ಹೋಗಬಾರದು, ಕೈ ಜರದರ ತೂತ ಕೆಡತೈತಿ. ಮುರದ ಸ್ಟಡ್ಡಿನ ಮ್ಯಾಲೆ ಒಂದು ನಟ್ಟು ಇಟ್ಟು, ಅದರ ತೂತಿನ್ಯಾಗಿಂದ ಎರಡನ್ನೂ ಕೂಡಿಸಿ ವೆಲ್ಡಿಂಗ್ ಹೊಡಸಬೇಕು. ಆ ಕಾವಿಗೇ ಒಳಗಿನ ಜಂಗ ಅರ್ಧಾ ಬಿಡತೈತಿ. ಕೆಂಪಗಿದ್ದಾಗ ತಿರಗಿಸಬಾರದು. ತುಸು ಆರಲಿ, ಆಗ ಬುಡಕ್ಕ ಮೇಣಬತ್ತಿ ಮುಟ್ಟಸು. ಮೇಣ ಕರಗಿ ತಾನ ಒಳಗ ಹೋಗತೈತಿ. ಆಮ್ಯಾಲೆ ಪಾನಾ ಹಚ್ಚಿ ಹಿಂದ ಮುಂದ, ಹಿಂದ ಮುಂದ ಆಡಸೂದು. ನಿಮ್ಮಲ್ಲಿ ವೆಲ್ಡಿಂಗ್ ದುರ್ಗಪ್ಪನ ಕೈ ಚಲೋ ಅಂತ ಕೇಳೇನಿ. ಮೊದಲ ಸಲ ವೆಲ್ಡಿಂಗ್ ಬಿಟ್ಟರ ಬೇಜಾರಾಗಬ್ಯಾಡ್ರಿ, ಮತ್ತ ಹೊಡಸ್ರಿ.

ನೀ ಪಾನಾ ಹಿಡದು ಕುಂದರ್ತಿ ಅಂತ ಓದಿ ನಿಮ್ಮ ಅಮ್ಮೀ ನಕ್ಕಳು. ನಾ ಎದ್ದು ಗ್ಯಾರೇಜ್ ಅಂಗಡಿಗೆ ಹೋದೆ. ನೀ ಸಣ್ಣಾಕಿ ಇದ್ದಾಗ ಗ್ಯಾರೇಜಿನ ಗ್ವಾಡಿಗೆ ಒಂದು ಟಾಯರ್ ಆನಿಸಿ ಅದರ ಮ್ಯಾಲೆ ಕುಂದರ್ತಿದ್ದಿ. ಕಣ್ಣು ಮುಚ್ಚಿ ಪಾನಾ ಮುಟ್ಟಿ ನಂಬರ್ ಹೇಳ್ತಿದ್ದಿ. ಹೊಸಾ ಹುಡುಗೂರು ಆ ಟಾಯರ್ ಒಗದುಬಿಡೂಣು ಅಂತಾರ. ನಾ ಬ್ಯಾಡಂದೇನಿ. ನೀ ಏಳನೇತ್ತಾ ಪಾಸಾದ ವರ್ಷ ಮಂದಿ ಒಂದೊಂದು ಮಾತಾಡಾಕ ಹತ್ತಿದರು. ಇನ್ನ ಅಂಗಡಿಗೆ ಬರಬ್ಯಾಡ ಅಂದೆ. ನೀ ಯಾಕಂತ ಕೇಳಲಿಲ್ಲ. ಇರ್ಲಿ.

ಮೇಣ ಮರೀಬ್ಯಾಡ.

ಮಲ್ಲಿಕಸಾಬ

*

ರಾಮದುರ್ಗ
11 ಜನವರಿ 1998

ಅಬ್ಬಾ,

ರೋಜಾ ಚಲೋ ನಡದಾವ. ಅಮ್ಮೀಗೆ ಉಪಾಸ ತಡೀತಾವೇನು? ಹಟಾ ಮಾಡಬ್ಯಾಡ ಅಂತ ಹೇಳ್ರಿ.

ಸ್ಟಡ್ ಬಂತು. ದುರ್ಗಪ್ಪ ಎರಡು ಸಲ ವೆಲ್ಡಿಂಗ್ ಹೊಡದಾ, ಎರಡೂ ಸಲ ಬಿಟ್ಟಿತು. ಇವರು ಮೊದಲಿನ ಶಾಕೀರ ಆಗಿದ್ದರ ಗಾಡಿಗೆ ಬೆಂಕಿ ಹಚ್ಚತಿದ್ದರು. ಈ ಸಲ "ಮತ್ತ ಹೊಡಿ ದುರ್ಗಣ್ಣಾ, ಲಗಮಣ್ಣ ಹಂಗ ಹೇಳ್ಯಾನ" ಅಂದರು. ಬಂದ ಸ್ಟಡ್ಡನ್ನ ಅಂಗೈಯಾಗ ಹಿಡಕೊಂಡು ಓಣಿ ಮಂದಿಗೆಲ್ಲಾ ತೋರಿಸಿ ಬಂದರು.

ನಿನ್ನೆ ಇಫ್ತಾರ್ ಆದ ಮ್ಯಾಲೆ ಖಜೂರಿ ಬೀಜ ಆಡಸಕೋತ ಕುಂತು ಏನಂದರು ಗೊತ್ತೇನು? "ಅಂಥಾ ಸಮಾಧಾನದ ಮನಶ್ಯಾನ ಕೈ ಬುಡಕ ನಾ ಕೆಲಸಾ ಕಲತಿದ್ದರ ಬ್ಯಾರೇನ ಆಗತಿತ್ತು. ಈದ್‌ಗೆ ಆ ಲಗಮಣ್ಣನ್ನ ಊಟಕ್ಕ ಕರಿ." ನನಗ ನಗೂ ಬಂತು, ಅಳೂನೂ ಬಂತು. ಹೂಂ ಅಂದೇನಿ.

ನೀವು ಬರ್ರಿ ಅಬ್ಬಾ. ಈದ್ ದಿವಸ ಬಂದವರಿಗೆ ಯಾರೂ ಬಾಗಲಾ ಹಾಕೂದಿಲ್ಲ. ಶಿರಖುರ್ಮಾ ಉಂಡು ಹೋದಿರಂತ. ಗಾಡಿ ನೋಡಿರಂತ. ಅವರು ಎದುರಿಗೆ ಬಂದು ಕೈ ಹಿಡದರ ಹಿಡೀತಾರ, ಇಲ್ಲಂದರ ಮಾರಿ ತಿರಿವ್ಯಾರು. ಅಷ್ಟ ಅಲ್ಲ?

ದಾರಿ ಕಾಯ್ತೇನಿ.

ನಿಲೋಫರ್

*

ರಾಮದುರ್ಗ
17 ಫೆಬ್ರುವರಿ 1998

ಅಬ್ಬಾ,

ಈದ್ ದಿವಸ ಬರಲಿಲ್ಲ. ಸಂಜಿತನಕಾ ಬಸ್ಸಿನ ಸಪ್ಪಳಾ ಕೇಳಕೋತ ಕುಂತೆ. ಕೆಲಸಿರಬೇಕು ಅಂತ ನನಗ ನಾನ ಹೇಳಿಕೊಂಡೆ.

ಆದರ ನಿನ್ನೆ ಚನ್ನವ್ವ ಒಂದು ಗಂಟು ತಂದು ಕೊಟ್ಟಳು. ಖಾಕಿ ಅರಿವ್ಯಾಗ ನಿಮ್ಮ ಇಂಚಿನ ಪಾನಾ. ಅವನ್ನ ನೀವು ಯಾರಿಗೂ ಮುಟ್ಟಗೊಡತಿರಲಿಲ್ಲ. "ಬಿಳೇ ಗಡ್ಡದ ಹಿರ್ಯಾರೊಬ್ಬರು ಬಂದಿದ್ದರವ್ವಾ" ಅಂದಳು ಚನ್ನವ್ವ. "ನಿಮ್ಮ ಬೇಲಿ ಹಂತೇಕ ಬಾಳೊತ್ತು ನಿಂತಿದ್ದರು. ಒಳಗ ಹೋಗ್ರಿ, ಮನ್ಯಾಗ ಅದಾರ ಅಂದೆ. ಕೆಲಸ ನಡದೈತಿ, ನಡೀಲಿ ಅಂದರು. ಇದನ್ನ ಕೊಟ್ಟು, ನೀರ ಸುದ್ದ ಕುಡೀದ ಸ್ಟ್ಯಾಂಡಿನ ಕಡೆ ಹೋದರು."

ನಾವಿಬ್ಬರೂ ಆಗ ಗಾಡಿ ಬುಡಕಿದ್ದವಿ ಅಬ್ಬಾ. ಅವರು ಏನೋ ಅಂದು ಜೋರಾಗಿ ನಕ್ಕರು. ನಾನೂ ನಕ್ಕೆ. ನಮ್ಮ ನಗೂ ನಿಮಗ ಕೇಳಿರಬೇಕು. ಬೈಲಹೊಂಗಲದಿಂದ ಸವದತ್ತಿ ದಾಟಿ ಇಲ್ಲೀತನಕಾ ಬಂದು ಹತ್ತು ಮಾರಿನ ದಾರಿ ಯಾಕ ನಡೀಲಿಲ್ಲ?

ಪಾನಾ ಎಲ್ಲಿಂದ ಬಂದವು ಅಂತ ಅವರು ಕೇಳಲಿಲ್ಲ. ಒಂದೊಂದನ್ನ ಒರಸಿ ಸಾಲಾಗಿ ಇಟ್ಟರು.

ನಿಲೋಫರ್

*

ಬೈಲಹೊಂಗಲ
2 ಮಾರ್ಚ್ 1998

ಬೇಟಿ,

ಸವದತ್ತಿಗೆ ಕೆಲಸಿತ್ತು. ಹಂಗ ಬಂದಿದ್ದೆ. ಬಸ್ಸಿಗೆ ಹೊತ್ತಾಗಿತ್ತು.

ನಿಮ್ಮ ಅಮ್ಮೀಗೆ ಜ್ವರಾ ಬಂದು ವಾರಾತು. ಇಳೀವಲ್ದು. ನಿನ್ನ ಹೆಸರು ಹಿಡದು ಕರೀಲಿಕ್ಕೆ ಹತ್ಯಾಳ. ಶಾಕೀರನ್ನ ಕೇಳಿ ಬಂದು ಹೋಗು.

ಮಲ್ಲಿಕಸಾಬ

*

ರಾಮದುರ್ಗ
7 ಏಪ್ರಿಲ್ 1998

ಅಬ್ಬಾ,

ಬಸ್ಸಿಳದು ಮನಿ ಮುಟ್ಟೂದರಾಗ ಚನ್ನವ್ವ ಎದುರಿಗೆ ಓಡಿ ಬಂದಳು. ನಾ ಬೈಲಹೊಂಗಲದಾಗ ಅಮ್ಮೀ ಹಂತೇಕ ಕುಂತಿದ್ದಾಗ ಇಲ್ಲಿ ಇವರ ಬಲಗೈ ಮುರದೈತಿ. ನಮಗ ಹೇಳಿ ಕಳಿಸಬ್ಯಾಡ ಅಂದಿದ್ದರಂತ. "ಅತ್ತೀಗೆ ಆರಾಮಿಲ್ಲ, ನಿಲೋಫರ್ ಅಲ್ಲೇ ಇರಲಿ" ಅಂದಿದ್ದರಂತ.

ಹ್ಯಾಂಗಾತು ಕೇಳ್ರಿ. ಬಲಗಡೆ ಗಾಲಿ ಎರಡೂ ಬಿಚ್ಚಿದ್ದರು. ನೀವು ಬರದಂಗ ಎಣ್ಣಿ ಅರಿವಿ ಸುತ್ತಿ, ವಾರ ಬಿಟ್ಟು, ಒಂದು ಸ್ಟಡ್ಡೂ ಮುರೀದಂಗ ಬಿಚ್ಚಿದ್ದರು. ನಾ ಬರೂದರಾಗ ಎಡಗಡೇವೂ ಬಿಚ್ಚಿ ನನಗ ತೋರಸಬೇಕು ಅಂತ ಮುಂದಿನ ಎಡಗಾಲಿಗೆ ಹಚ್ಚಿದರು. ಅದಕ್ಕೂ ಎಣ್ಣಿ ಹಾಕಿದರು, ಅದಕ್ಕೂ ವಾರ ಕಾಯ್ದರು. ನಟ್ಟು ಅಳ್ಳಾಡಲಿಲ್ಲ. ಜೋರ ಮಾಡಿದಷ್ಟೂ ಗಟ್ಟಿ ಆತು. ಪಾನಾಕ್ಕ ಉದ್ದನ್ನ ಪೈಪ್ ಹಚ್ಚಿ ಅದರ ಮ್ಯಾಲೆ ಹತ್ತಿ ನಿಂತರು. ಸ್ಟಡ್ ಕಟ್ಟಂತು. ಇವರು ಕೆಳಗ ಬಿದ್ದರು, ಪೈಪು ಮಣಿಕಟ್ಟಿನ ಮ್ಯಾಲೆ ಬಿತ್ತು, ಕೆಳಗ ಕಲ್ಲು.

ಎಡಗಡೆ ಉಲ್ಟಾ ಥ್ರೆಡ್ ಅಬ್ಬಾ. ಬಿಚ್ಚತೇನಿ ಅಂತ ಅವರು ಬಿಗೀ ಮಾಡಾಕ ಹತ್ತಿದ್ದರು.

ನನಗ ಗೊತ್ತಿತ್ತು. ಹಳೇ ಲಾರಿ ಓಡೂ ಮುಂದ ಎಡಗಡೆ ನಟ್ಟು ತಾನ ಬಿಚ್ಚಿಕೊಳ್ಳಬಾರದು ಅಂತ ಹಂಗ ಮಾಡಿರತಾರ ಅಂತ ನೀವ ನನಗ ಹೇಳಿದ್ದಿರಿ. ಸ್ಟಡ್ಡಿನ ತುದಿಗೆ ಎಲ್ ಅಂತ ಅಕ್ಷರಾ ಇರತೈತಿ ಅಂತ ಬೆರಳಿಟ್ಟು ತೋರಸಿದ್ದಿರಿ. ಈ ಗಾಡಿಗೂ ಐತಿ. ನಾ ಬಂದ ಮ್ಯಾಲೆ ಜಂಗ ತಿಕ್ಕಿ ನೋಡಿದೆ. ಅವರು ಹೊಡದದ್ದು ಟ್ರ್ಯಾಕ್ಟರ್, ಮ್ಯಾಟಡೋರ್. ಅವುಕ್ಕ ಎರಡೂ ಕಡೆ ಒಂದ ಥರಾ. ಅವರಿಗೆ ಹ್ಯಾಂಗ ಗೊತ್ತಾಗಬೇಕು?

ನಿಮ್ಮ ಮನ್ಯಾಗ ಅಷ್ಟು ದಿವಸ ನಾವಿಬ್ಬರೂ ಅಮ್ಮೀ ತಲಿದಿಂಬಿಗೆ ಕುಂತು ಬರೇ ಈ ಗಾಡಿ ಮಾತ ಆಡಿದ್ವಿ. ಇದೊಂದು ಮಾತು ಇಬ್ಬರ ಬಾಯಾಗೂ ಬರಲಿಲ್ಲ.

ನಾಳೆ ಬಕ್ರೀದ್. ಅವರು ಎಡಗೈಲೆ ಉಣ್ಣಾಕ ನಾಚಿ ಉಪಾಸ ಕುಂದರ್ತಾರ. ನಾ ತುತ್ತು ಮಾಡಿ ಕೊಟ್ಟರ ಗ್ವಾಡಿ ಕಡೆ ಮಾರಿ ಮಾಡಿ ತಿಂತಾರ.

ನಿಲೋಫರ್

*

ಬೈಲಹೊಂಗಲ
15 ಏಪ್ರಿಲ್ 1998

ಬೇಟಿ,

ನಿನಗ ಗೊತ್ತೈತಿ ಅಂತ ನಾ ಬರೀಲಿಲ್ಲ. ಬರದಿದ್ದರೂ ಒಂದ ಸಾಲಿನ ಮಾತಾಗಿತ್ತು.

ಸವದತ್ತಿಗೆ ನನಗ ಏನೂ ಕೆಲಸಿರಲಿಲ್ಲ. ಪಾನಾ ಕೊಡಾಕ ಬಂದಿದ್ದೆ. ಬೇಲಿ ಆಚೆ ನಿಂತಾಗ ಮುಂದಿನ ಎಡಗಾಲಿ ನನ್ನ ಕಣ್ಣ ಎದುರಿಗೇ ಇತ್ತು. ಉಳದದ್ದು ಏನೂ ಕಾಣತಿರಲಿಲ್ಲ, ನಿಮ್ಮಿಬ್ಬರ ಕಾಲು, ಆ ಗಾಲಿ ಅಷ್ಟ. ನಾ ಬಾಳೊತ್ತು ನೋಡಿದ್ದು ಆ ಗಾಲೀನ. ಒಳಗ ಬಂದಿದ್ದರ ಮೊದಲ ಅದರ ಮ್ಯಾಲೆ ಕೈ ಇಟ್ಟು ಇದು ಉಲ್ಟಾ ನೋಡಪಾ ಅಂತಿದ್ದೆ. ಮಿಸ್ತ್ರಿ ಆದಂವಾ ಯಾರಾದರೂ ಹಂಗ ಅಂತಿದ್ದ. ಅಂವಾ ನಕ್ಕದ್ದು ಕೇಳಿಸಿತು. ನನ್ನ ಮಗಳು ನಕ್ಕದ್ದೂ ಕೇಳಿಸಿತು. ನಾ ಹೋದರ ಆ ನಗೂ ನಿಲ್ಲತೈತಿ ಅನಿಸಿತು. ಹೊಳ್ಳಿ ಬಂದೆ.

ನಿಮ್ಮ ಅಮ್ಮೀ ಎದ್ದು ಕುಂದರ್ತಾಳ. ಶಾಕೀರನ ಕೈ ಸುದ್ದಿ ಆಕೀಗೆ ಇನ್ನೂ ಹೇಳಿಲ್ಲ.

ನಾ ಬರಲೇನು ಅಂತ ಶಾಕೀರನ್ನ ಕೇಳು. ಈ ಸಲ ನನ್ನ ಹೆಸರು ಹೇಳಿ ಕೇಳು.

ಮಲ್ಲಿಕಸಾಬ

*

ರಾಮದುರ್ಗ
10 ಮೇ 1998

ಮಾಮೂ ಅವರಿಗೆ ಶಾಕೀರನ ಸಲಾಮ್.

ಎಡಗೈಲೆ ಬರಿಯಾಕ ಹತ್ತೇನಿ, ಅಕ್ಷರಾ ಸೊಟ್ಟ ಅದಾವ. ನಿಲೋಫರ್ ತಾ ಬರೀತೇನಿ ಅಂದಳು. ಬ್ಯಾಡಂದೆ.

ಎಲುಬು ಕೂಡೇತಿ. ಮಣಿಕಟ್ಟು ಮಾತ್ರ ತಿರಗೂದಿಲ್ಲ. ಇನ್ನ ತಿರಗೂದಿಲ್ಲ ಅಂತ ಡಾಕ್ಟರ್ ಅಂದಾರ.

ಲಗಮಣ್ಣ ಯಾರಂತ ನನಗ ಮೊದಲ ದಿವಸ ಗೊತ್ತಾಗಿತ್ತು. ರಾಮದುರ್ಗದ ಸ್ಟ್ಯಾಂಡಿನ್ಯಾಗ ನಾ ಇಷ್ಟು ವರ್ಷ ಕುಂತೇನಿ, ಆ ಹೆಸರಿನ ಮಿಸ್ತ್ರಿ ಅಲ್ಲಿ ಯಾರೂ ಇಲ್ಲ. ಆದರ ನಿಮ್ಮ ಹೆಸರಿಲ್ಲದ ನಿಮ್ಮ ಮಾತು ಕೇಳಾಕ ನನಗ ಸಲೀಸಾಗಿತ್ತು. ಅದಕ್ಕ ನಿಲೋಫರ್‌ನ ಕೇಳಲಿಲ್ಲ.

ಫೆಬ್ರುವರಿಯಾಗ ನೀವು ಬಂದ ದಿವಸ ಗಾಡಿ ಬುಡಕಿಂದ ಬೇಲಿ ಸಂದ್ಯಾಗ ನಿಮ್ಮ ಚಪ್ಪಲಿ ಕಂಡವು. ಆಯಿಲ್ ಕಲಿ ಬಿದ್ದ ಚಪ್ಪಲಿ, ಮ್ಯಾಲೆ ಬಿಳೇ ಪೈಜಾಮಾ. ಏಳಬೇಕಂತ ಪಾನಾ ಕೆಳಗಿಟ್ಟೆ. ಆಮ್ಯಾಲೆ, ಹಿರ್ಯಾರು ಬಾಗಲಿಗೆ ಬಂದಾರ, ಒಳಗ ಬರೂದೇನು ದೊಡ್ಡ ಮಾತು, ಬರಲಿ ಅಂತ ಬಿಟ್ಟೆ. ನಾವು ಚಲೋ ಅದೇವಿ ಅಂತ ನಿಮಗ ಕೇಳಲಿ ಅಂತ ಜೋರಾಗಿ ನಕ್ಕೆ. ನಿಲೋಫರ್ ಯಾಕ ನಗತೀರಿ ಅನಕೋತ ತಾನೂ ನಕ್ಕಳು. ಮತ್ತ ನೋಡಿದಾಗ ಚಪ್ಪಲಿ ಇರಲಿಲ್ಲ.

ನಿಮ್ಮದೊಂದ ತಪ್ಪಲ್ಲ ಅನ್ನಾಕ ಇದನ್ನ ಬರದೇನಿ.

ಬರ್ರಿ. ಎಡಗಡೆ ನಟ್ಟು ಇನ್ನೂ ಹಂಗ ಅದಾವ.

ಶಾಕೀರ

*

ಬೈಲಹೊಂಗಲ
6 ಸೆಪ್ಟೆಂಬರ್ 1998

ಬೇಟಿ,

ಮನಿ ಮುಟ್ಟಿದೆ. ನಿಮ್ಮ ಅಮ್ಮೀ ಬಾಗಲದಾಗ ಕುಂತಿದ್ದಳು. ನೀ ಕಟ್ಟಿ ಕೊಟ್ಟ ರೊಟ್ಟಿ ಅರ್ಧಾ ಆಕೀಗೆ ಕೊಟ್ಟೆ.

ನಾನು ಶಾಕೀರ ಗಾಡಿ ತಗೊಂಡು ಹೊಂಟ ಮ್ಯಾಲೆ ನೀ ಹಿತ್ತಲದಾಗ ಒಬ್ಬಾಕಿ ನಿಂತಿದ್ದಿ, ಅದಕ್ಕ ದಾರಿ ಸುದ್ದಿ ಬರೀತೇನಿ. ಶಾಕೀರ ಮನ್ಯಾಗ ಹೇಳ್ಯಾನೊ ಇಲ್ಲೊ.

ನಿಮ್ಮ ಮನ್ಯಾಗ ಕುಂತಷ್ಟು ದಿವಸ ನಾ ನನ್ನ ಮನ್ಯಾಗೂ ಕುಂತಿಲ್ಲ. ಮೂರು ಮಂದಿ ಕೂಡಿ ಆ ಗಾಡಿ ಎಬ್ಬಿಸಿದ್ವಿ. ಎಡಗಾಲಿಯ ಕಡೀ ನಟ್ಟು ನೀ ಬಿಚ್ಚಿದಿ, ಅಂವಾ ಎಡಗೈಲೆ ಕಂದೀಲ ಹಿಡದಿದ್ದಾ. ಗಾಡಿ ಚಾಲು ಆದ ದಿವಸ ಓಣಿ ಮಂದಿ ಕೂಡಿದರು. ಅಂವಾ ಸ್ಟೇರಿಂಗ್ ಮುಂದ ಹತ್ತಿ ಕುಂತಾ. ತಿರಿವಾಕ ನೋಡಿದಾ. ಆ ಗಾಡಿ ಸ್ಟೇರಿಂಗ್ ಹಗರ ಅಲ್ಲ, ಎರಡೂ ಕೈಲೆ ಜಗ್ಗಬೇಕು. ಮತ್ತ ನೋಡಿದಾ. ಇಳದು ಬಂದು ಮಾರೂಣು ಮಾಮೂ ಅಂದಾ. ಡ್ರಾಯವ್ಹರ್‌ನ ಇಡು ಅಂದೆ. "ನನ್ನ ಗಾಡ್ಯಾಗ ನಾ ಕ್ಲೀನರ್ ಆಗಿ ಕುಂದ್ರೂದಿಲ್ಲ" ಅಂದಾ. ನೀ ಆಗ ಒಳಗ ಹೋದಿ.

ಗಾಡಿ ಕೊಂಡ ಚಚಡಿಯ ಸಿದ್ಧಾರೂಢಗ ಮುಟ್ಟಿಸಿ ಬರಾಕ ನಾ ಹೊಡಕೊಂಡು ಹೊಂಟೆ, ಅಂವಾ ಬಾಜೂಕ ಕುಂತಾ. ದಾರಿ ತುಂಬ ಇಂಜಿನ್ ಸಪ್ಪಳಾ ಕೇಳಕೋತ ಬಂದಾ. ಸವದತ್ತಿ ಹಂತೇಕ ಏರು ಬರತೈತಲಾ, ಅಲ್ಲಿ "ಮಾಮೂ, ಈಗ ಗೇರ್ ಇಳಸ್ರಿ" ಅಂದಾ. ನಾ ಇನ್ನೊಂದು ತುಸು ಹೋಗಲಿ ಅಂದಿದ್ದೆ. ಇಂಜಿನ್ ಗುದ್ದಾಕ ಹತ್ತಿತು. ಅಂವಾ ಹೇಳಿದ್ದ ಖರೇ. ಕಿವಿಯಾಗ ಗಾಡಿ ಇಟ್ಟುಕೊಂಡಾನ. ನೀ ಚಲೋ ಡ್ರಾಯವ್ಹರ್ ಅದೀಯಪಾ ಅಂದೆ. ಆ ಸಪ್ಪಳದಾಗ ಅವಗ ಕೇಳಿತೊ ಇಲ್ಲೊ. ಅಂವಾ ಹೊರಗ ನೋಡಾಕ ಹತ್ತಿದ್ದಾ. ಎರಡನೇ ಸಲ ಹೇಳಾಕ ನನ್ನ ಬಾಯಿ ಏಳಲಿಲ್ಲ.

ಚಚಡಿಯ ವಾಡೇದ ಹತ್ತರ ಸಿದ್ಧಾರೂಢನ ಮನಿ. ಅವರ ಅವ್ವ ಸೋಮವ್ವ ಬಂದು ಗಾಡಿಗೆ ಕುಂಕುಮಾ ಹಚ್ಚಿ, ನಮಗ ಮಜ್ಜಿಗಿ ಕೊಟ್ಟರು. ಸಿದ್ಧಾರೂಢ ಗಾಡಿ ಸುತ್ತ ತಿರಗಿ ನೋಡಿ "ಯಾವ ಮಿಸ್ತ್ರಿ ಕೆಲಸರೀ ಇದು?" ಅಂದ. ನಾ ಶಾಕೀರನ ಕಡೆ ನೋಡಿದೆ. ಅಂವಾ "ನಮ್ಮ ಮನ್ಯಾಗಿನಾಕೀದು" ಅಂದಾ. ಅವರು ಚಾಷ್ಟಿ ಅಂತ ನಕ್ಕರು. ನಾವಿಬ್ಬರೂ ನಗಲಿಲ್ಲ.

ಹೊಳ್ಳಿ ಸವದತ್ತಿ ತನಕಾ ಒಂದ ಬಸ್ಸಿನ್ಯಾಗ ಬಂದ್ವಿ. ಅಲ್ಲಿ ಅವನ ಬಸ್ಸು ಬ್ಯಾರೆ, ನಂದು ಬ್ಯಾರೆ. ಹೋಗೂ ಮುಂದ ಕೈ ಕೊಡಾಕ ಎಡಗೈ ಚಾಚಿದಾ. ಆಮ್ಯಾಲೆ ಅದನ್ನ ಹಿಂದ ತಗೊಂಡು ಬಲಗೈ ಕೊಟ್ಟಾ. ಹಿಡಕೊಂಡೆ. ಅವನ ಬಸ್ಸು ಬರೂತನಕಾ ಬಿಡಲಿಲ್ಲ.

ಇಷ್ಟ.

ನಿಮ್ಮ ಅಬ್ಬಾ,
ಮಲ್ಲಿಕಸಾಬ

*

ರಾಮದುರ್ಗ
29 ನವೆಂಬರ್ 1998

ಅಬ್ಬಾ,

ಪತ್ರ ಬರಿಯಾಕ ತಡಾ ಆತು. ಕೈ ತುಂಬ ಕೆಲಸ ಅದಾವ. ನೇಕಾರ ಮಂದಿ ಮಗ್ಗದ ಸಾಮಾನು ತರತಾರ, ತ್ವಾಟದವರು ಪಂಪಿನ ಮೋಟಾರು ತರತಾರ. ಯಾವ ನಟ್ಟು ಬಿಚ್ಚಲಿಲ್ಲ ಅಂದರ ಶಾಕೀರನ ಹಿತ್ತಲಕ್ಕ ಒಯ್ರಿ ಅನ್ನಾಕ ಹತ್ಯಾರ. ಅವರು ಮಂದಿ ಕೂಡ ಮಾತಾಡತಾರ, ನೋಡತಾರ, ಹೇಳತಾರ. ಪಾನಾ ನಾ ಹಿಡೀತೇನಿ. ಬಂದವರು ಮೊದಲ ಸಲ ನನ್ನ ನೋಡಿ ಗಾಬರಿ ಆಗತಾರ. ಎರಡನೇ ಸಲ ಬಂದಾಗ "ಭಾಬಿ, ನೋಡ್ರಿ ಇದನ್ನ" ಅಂತ ನನ್ನ ಮುಂದ ತಂದು ಇಡತಾರ.

ಹೊಟ್ಟಿಗೇನೂ ಕಡಿಮಿ ಇಲ್ಲ. ಅವರ ಸುದ್ದಿ ಅಂದರ, ನಗತಾರ, ಮಾತಾಡತಾರ. ಆದರ ಲಾರಿ ಹಾರ್ನ್ ಕೇಳಿದರ ಕೈಯಾಗಿನ ಕೆಲಸ ನಿಲ್ಲಿಸಿ ಸುಮ್ಮ ಕುಂದರ್ತಾರ. ನಾ ನೋಡಿದರೂ ನೋಡಲಾರದಂಗ ಇರ್ತೇನಿ.

ಈಗ ಹತ್ತಿ ಸುಗ್ಗಿ. ಫ್ಯಾಕ್ಟರಿ ಮುಂದ ಗಾಡಿ ಸಾಲು ಹಚ್ಚಿ ನಿಂತಿರತಾವ. ನಿನ್ನೆ ಮುಂಜಾನೆ ಚಾ ಕುಡ್ಯಾಕ ಹತ್ತಿದ್ದರು, ಒಮ್ಮೆಲೆ ಕಪ್ಪು ಕೆಳಗಿಟ್ಟು ಎದ್ದರು. ನನಗ ಏನೂ ಕೇಳಿರಲಿಲ್ಲ. ಬಾಗಲಿಗೆ ಹೋಗಿ ನಿಂತ ಮ್ಯಾಲೆ ನನಗೂ ಕೇಳಿಸಿತು. ನಮ್ಮ ಬೆಡ್‌ಫೋರ್ಡಿನ ಅದ ಇಂಜಿನ್. ಚಚಡಿಯಿಂದ ಹತ್ತಿ ಹೇರಿಕೊಂಡು ಬಂದಿತ್ತು, ಮೈತುಂಬ ಅಂಡಿಗಿ ಕಟ್ಟಿದ್ದರು. ಗೇರ್ ಹಾಕೂ ಮುಂದ ತುಸು ತಿಕ್ಕಿತು. ಇವರ ಎಡಗೈ ತಾನ ಅಳ್ಳಾಡಿತು ಅಬ್ಬಾ, ಗೇರ್ ಹಾಕಿದಂಗ. ಗಾಡಿ ತಿರುವಿನ್ಯಾಗ ಕಾಣದಂಗ ಆಗೂತನಕಾ ನಿಂತಿದ್ದರು. ಒಳಗ ಬಂದು "ಹೊಸಾ ಡ್ರಾಯವ್ಹರ್‌ಗ ಕ್ಲಚ್ ಕೈಗತ್ತಿಲ್ಲ" ಅಂದರು. ಚಾ ಆರಿತ್ತು. ಕಾಸಿ ಕೊಡಲೇನು ಅಂದೆ. ಬ್ಯಾಡಂದು ಹಂಗ ಕುಡದರು.

ಇವತ್ತು ಊಟಾ ಆದ ಮ್ಯಾಲೆ ನನ್ನ ಬಾಜೂಕ ಬಂದು ಕುಂತು "ಮಾಮೂಗ ಪತ್ರ ಬರಿ" ಅಂದರು.

"ಏನಂತ ಬರೀಲಿ?"

"ಬರ್ರಿ ಅಂತ."

ನಾ ಪೆನ್ನು ತಗೊಂಡೆ. ನಿಮ್ಮ ಸ್ವಭಾವ ನನಗ ಗೊತ್ತಿಲ್ಲೇನು? ಕಾರಣಿಲ್ಲದ ನೀವು ಎಲ್ಲೂ ಹೋಗೂದಿಲ್ಲ. "ಒಂದು ಮೋಟಾರು ಬಂದೈತಿ, ನಮಗ ಆಗವಲ್ದು ಅಂತ ಬರೀಲೇನು? ಅಂದರ ಲಗೂನ ಬರತಾರ" ಅಂದೆ.

ಅವರು ಎಡಗೈ ಹಾಳಿ ಮ್ಯಾಲೆ ಇಟ್ಟು ಅಂದರು:

"ಬ್ಯಾಡ. ಕೆಲಸ ಏನೂ ಇಲ್ಲ ಅಂತ ಬರಿ. ಸುಮ್ಮ ಬರ್ರಿ ಅಂತ ಬರಿ."

ಅದನ್ನ ಬರದೇನಿ.

ನಿಮ್ಮ ಮಗಳು,
ನಿಲೋಫರ್